ಮದ್ದು ಆಮೇಲೆ, ಮೊದಲು ಮೀನನ್ನು ತೋರಿಸಿ

ನಮಸ್ಕಾರ,

ನೀವು ಕಳಿಸಿದ 'ಕಡಲ ಮೀನಿಗೆ ಬಿಳಿ ಚುಕ್ಕಿ ರೋಗ: ಮನೆಯಲ್ಲೇ ಸುಲಭ ಪರಿಹಾರ' ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ. ವಿರಾಜಪೇಟೆಯಂಥ ಊರಲ್ಲಿ ಕೂತು, ಬಾವಿ ನೀರಿಗೆ ಉಪ್ಪು ಕಲಸಿ, ಕಡಲ ಮೀನು ಸಾಕಿ, ಅದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಎಷ್ಟು ಜನ ಸಿಗುತ್ತಾರೆ? ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಶುರುವಿನ ಎರಡು ಪ್ಯಾರಾ ತೆಗೆದುಬಿಡಿ. ಮಂಜು, ಕಾಫಿ ಹೂವು, ತಲಕಾವೇರಿ ಎಲ್ಲ ಚೆನ್ನಾಗಿಯೇ ಬಂದಿವೆ. ಆದರೆ ಮೀನು ಸಾಯುತ್ತಿದೆ ಅಂತ ಗಾಬರಿಯಲ್ಲಿ ಓದಲು ಬಂದವರಿಗೆ ಅದು ಬೇಡ.

ನಿಮ್ಮ ಲೇಖನದ ಜೀವ ಇರುವುದು ನಾಲ್ಕನೇ ಪ್ಯಾರಾದಲ್ಲಿ. ಅಲ್ಲಿ ರೋಗ ಬಂದ ಮೀನಿನ ಬಗ್ಗೆ ಹೀಗೆ ಬರೆದಿದ್ದೀರಿ: "ಲೈಟ್ ಹಾಕಿದರೆ ಕಲ್ಲಿನ ಸಂದಿಗೆ ಹೋಗುತ್ತಿತ್ತು. ಆರಿಸಿದರೆ ಪಂಪಿನ ನೀರು ಬೀಳುವ ಜಾಗಕ್ಕೆ ಬಂದು ಬಾಯಿ ತೆರೆದು ನಿಲ್ಲುತ್ತಿತ್ತು. ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿದೆ. ಮೈಮೇಲೆ ತೆಳ್ಳಗೆ ಹಳದಿ ಹುಡಿ ಉದುರಿಸಿದ ಹಾಗಿತ್ತು." ಎಷ್ಟು ಚೆನ್ನಾಗಿ ನೋಡಿದ್ದೀರಿ! ಆದರೆ ಇದನ್ನು ಬರೆದ ಮೇಲೂ ರೋಗದ ಹೆಸರು ಬಿಳಿ ಚುಕ್ಕಿ ಅಂತಲೇ ಇಟ್ಟಿದ್ದೀರಿ. ನೀರಿನ ಉಪ್ಪು ಇಳಿಸಿದ್ದೀರಿ. ಮೂರನೇ ದಿನ ಮೀನು ಸತ್ತಿತು, ಚಳಿ ತಡೆಯಲಿಲ್ಲ ಅಂತ ಮುಗಿಸಿದ್ದೀರಿ.

ನೀವು ನೋಡಿದ ಒಂದೊಂದು ಲಕ್ಷಣವೂ ಬೇರೆ ರೋಗದ ಕಡೆಗೆ ಬೆರಳು ಮಾಡುತ್ತಿದೆ. ಬಿಳಿ ಚುಕ್ಕಿ ತರುವ ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯಾದರೆ ಚುಕ್ಕಿಗಳು ರವೆ ಕಾಳಿನ ಹಾಗೆ ಬಿಡಿಬಿಡಿಯಾಗಿ, ಎಣಿಸಬಹುದಾದಷ್ಟು ದೊಡ್ಡದಾಗಿ ಕಾಣುತ್ತವೆ. ಹುಡಿಯಂತೆ ಕಾಣುವುದು, ಬೆಳಕಿಗೆ ಹೆದರುವುದು, ಹರಿವ ನೀರಿಗೆ ಮುಖ ಕೊಟ್ಟು ಏದುಸಿರು ಬಿಡುವುದು, ಎರಡು ಮೂರು ದಿನದಲ್ಲಿ ಸಾಯುವುದು, ಇವೆಲ್ಲ ವೆಲ್ವೆಟ್ ರೋಗದ ಗುರುತು. ಅದನ್ನು ತರುವುದು ಅಮೈಲೂಡಿನಿಯಂ ಎಂಬ ಇನ್ನೊಂದು ಪರೋಪಜೀವಿ. ಅದು ಮೊದಲು ಹಿಡಿಯುವುದು ಕಿವಿರನ್ನು. ಮೈಮೇಲೆ ಹುಡಿ ಕಾಣುವ ಹೊತ್ತಿಗೆ ಕಿವಿರು ಹಾಳಾಗಿರುತ್ತದೆ. ಉಪ್ಪು ಕಡಿಮೆ ಮಾಡಿ ನೀರಿನ ಸಾಂದ್ರತೆಯನ್ನು 1.025ರಿಂದ 1.009ಕ್ಕೆ ಇಳಿಸಿದರೆ ಬಿಳಿ ಚುಕ್ಕಿಯ ಜೀವಿ ಸಾಯುತ್ತದೆ, ಸರಿ. ಅಮೈಲೂಡಿನಿಯಂ ಅದಕ್ಕೆ ಜಗ್ಗುವುದಿಲ್ಲ. ಕಿವಿರಿನ ಲೋಳೆಯನ್ನು ಮೈಕ್ರೊಸ್ಕೋಪಿನಲ್ಲಿ ನೋಡದೆ ಖಚಿತ ಹೇಳಲಾಗದು, ನಿಜ. ಆದರೆ ಚಳಿಯ ಮೇಲೆ ತಪ್ಪು ಹೊರಿಸುವ ಮೊದಲು ನಿಮ್ಮದೇ ನಾಲ್ಕನೇ ಪ್ಯಾರಾವನ್ನು ನಂಬಿ.

ಬೆಳ್ಳುಳ್ಳಿಯ ಭಾಗಕ್ಕೂ ಇದೇ ಮಾತು. "ಬೆಳ್ಳುಳ್ಳಿ ರಸ ಬೆರೆಸಿದ ಊಟ ಕೊಟ್ಟೆ, ಐದೇ ದಿನದಲ್ಲಿ ಚುಕ್ಕಿ ಮಾಯ" ಅಂದಿದ್ದೀರಿ. ಸುಳ್ಳಲ್ಲ, ಮಾಯ ಆಗಿರುತ್ತದೆ. ಏನೂ ಕೊಡದಿದ್ದರೂ ಆಗುತ್ತಿತ್ತು. ಬಿಳಿ ಚುಕ್ಕಿಯ ಜೀವಿ ಮೀನಿನ ಮೈಮೇಲೆ ಇರುವುದೇ ಮೂರರಿಂದ ಏಳು ದಿನ. ಹೊಟ್ಟೆ ತುಂಬಿದ ಮೇಲೆ ಉದುರಿ, ಮರಳಿಗೋ ಕಲ್ಲಿಗೋ ಅಂಟಿ, ಚಿಪ್ಪು ಕಟ್ಟಿಕೊಂಡು ಒಳಗೇ ಒಡೆದು ನೂರಾರು ಮರಿಗಳಾಗುತ್ತದೆ. ಕೆಲವು ಚಿಪ್ಪು ಮೂರೇ ದಿನಕ್ಕೆ ಒಡೆಯುತ್ತವೆ, ಕೆಲವಕ್ಕೆ ವಾರಗಟ್ಟಲೆ ಬೇಕು. ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತದೆ. ಅದಕ್ಕೇ ಅನುಭವಸ್ಥರು ಮೀನನ್ನೆಲ್ಲ ಬೇರೆ ಟ್ಯಾಂಕಿಗೆ ಹಾಕಿ, ಮುಖ್ಯ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡುವುದು. ಬೆಳ್ಳುಳ್ಳಿ ತಿಂದ ನಿಮ್ಮ ಮೀನಿಗೆ ಎರಡು ವಾರದಲ್ಲಿ ಚುಕ್ಕಿ ಮತ್ತೆ ಬಂತಲ್ಲ, ಅದನ್ನು ಲೇಖನದ ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಬೆಳ್ಳುಳ್ಳಿಯ ಪಕ್ಕಕ್ಕೇ ತನ್ನಿ. ಓದುಗರಿಗೆ ಆಗ ಅರ್ಥ ಆಗುತ್ತದೆ.

ಇನ್ನು ನಾನು ನಿಜಕ್ಕೂ ಬೆಚ್ಚಿದ ಸಾಲು: "ಟ್ಯಾಂಕಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿ." ಇದನ್ನು ಕೊಡಗಿನಲ್ಲಿ ಬರೆಯುತ್ತಿದ್ದೀರಿ ಎಂಬುದು ನೆನಪಿರಲಿ. ತೋಟದ ಕೊಳೆ ರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ಹೊಡೆಯುವ ನಮ್ಮಲ್ಲಿ ಮೈಲುತುತ್ತ ಇಲ್ಲದ ತೋಟದ ಮನೆ ಕಡಿಮೆ. ಓದಿದವರು ಸೀದಾ ಸ್ಟೋರಿಗೆ ಹೋಗಿ ಚೀಲ ಬಿಚ್ಚುತ್ತಾರೆ. ಮೈಲುತುತ್ತದಲ್ಲಿರುವ ತಾಮ್ರ ಬಿಳಿ ಚುಕ್ಕಿ, ವೆಲ್ವೆಟ್ ಎರಡೂ ರೋಗಕ್ಕೆ ಮದ್ದು ಹೌದು. ಆದರೆ ಬೇಕಾದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. ಕಡಿಮೆಯಾದರೆ ರೋಗ ಹೋಗಲ್ಲ, ಜಾಸ್ತಿಯಾದರೆ ಮೀನು ಹೋಗುತ್ತದೆ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ 100 ಲೀಟರ್ ಟ್ಯಾಂಕಿಗೆ ಹೆಚ್ಚೆಂದರೆ 80 ಮಿಲಿಗ್ರಾಂ ಮೈಲುತುತ್ತ. ಚಿಟಿಕೆ ಅಂದರೆ ಕಾಲು ಗ್ರಾಂ ಅಂತ ಇಟ್ಟುಕೊಂಡರೂ ಅದು ಮೂರು ಪಟ್ಟು. ತೋಟದ ಮೈಲುತುತ್ತದಲ್ಲಿ ಬೇರೆ ಏನೇನಿರುತ್ತದೋ ಅದೂ ಸೇರಿತು. ಮೀನಿಗೆಂದೇ ತಯಾರಾದ ತಾಮ್ರದ ದ್ರಾವಣ, ದಿನಾ ಅಳೆಯಲು ಟೆಸ್ಟ್ ಕಿಟ್, ಕಲ್ಲು ಮರಳು ಇಲ್ಲದ ಬೇರೆ ಟ್ಯಾಂಕು, ಇಷ್ಟಿಲ್ಲದೆ ತಾಮ್ರ ಮುಟ್ಟಬಾರದು ಅಂತ ಬರೆಯಿರಿ. ಮುಖ್ಯ ಟ್ಯಾಂಕಿಗೆ ಹಾಕಿದರೆ ಸೀಗಡಿ, ಬಸವನಹುಳು, ಹವಳ ಸಾಯುತ್ತವೆ. ಕಲ್ಲು ತಾಮ್ರ ಹೀರಿಕೊಂಡು ಅಳತೆಯೂ ತಪ್ಪುತ್ತದೆ.

ಕ್ಲೌನ್ ಮೀನಿನ ಬಗ್ಗೆ ಒಂದು ಪ್ಯಾರಾ ಸೇರಿಸಿ. ಮೈಯಿಂದ ಲೋಳೆ ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಮತ್ತೊಂದು ಪರೋಪಜೀವಿ ಇರಬಹುದು. ಅದಕ್ಕೆ ತಾಮ್ರ ತಾಗುವುದಿಲ್ಲ. ಎಲ್ಲದಕ್ಕೂ ಒಂದೇ ಮದ್ದು ಎಂಬ ನಿಮ್ಮ ಉಪಶೀರ್ಷಿಕೆ ಈ ಒಂದೇ ಕಾರಣಕ್ಕೆ ಬಿದ್ದುಹೋಗುತ್ತದೆ.

ನೀರನ್ನು 30 ಡಿಗ್ರಿಗೆ ಬಿಸಿ ಮಾಡಿ ಎಂಬುದನ್ನೂ ತೆಗೆಯಿರಿ. ಅದು ಸಿಹಿನೀರಿನ ಬಿಳಿ ಚುಕ್ಕಿಗೆ ಹೇಳುವ ಮಾತು, ಆ ಜೀವಿಯೇ ಬೇರೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಕಿವಿರು ಕೆಟ್ಟ ಮೀನಿಗೆ ಅದು ಇನ್ನಷ್ಟು ಕಷ್ಟ. ಬದಲಿಗೆ, ನೀವು ಅರ್ಧ ಸಾಲಿನಲ್ಲಿ ಹೇಳಿ ಬಿಟ್ಟದ್ದನ್ನು ಬೆಳೆಸಿ: ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋದ ರಾತ್ರಿ. ಹೀಟರ್ ಇಲ್ಲ, ಪಂಪ್ ಇಲ್ಲ, ಟ್ಯಾಂಕಿನಲ್ಲಿ ಮದ್ದು ಹಾಕಿದ ಮೀನು. ಬ್ಯಾಟರಿ ಏರ್ ಪಂಪ್ ಇತ್ತಾ? ನೀರು ಎಷ್ಟು ಡಿಗ್ರಿಗೆ ಇಳಿಯಿತು? ನೀರು ತಣ್ಣಗಾದರೆ ಚಿಪ್ಪು ಒಡೆಯುವುದೂ ತಡವಾಗುತ್ತದೆ, ಹಾಗಾಗಿ ಆ 76 ದಿನದ ಲೆಕ್ಕಕ್ಕೆ ಹೀಟರ್ ನಡೆಯುತ್ತಲೇ ಇರಬೇಕು. ಇದನ್ನು ಚೆನ್ನೈಯಲ್ಲೋ ಕೊಚ್ಚಿಯಲ್ಲೋ ಕೂತವರು ಬರೆಯಲಾರರು. ನೀವು ಬರೆಯಬಲ್ಲಿರಿ.

ತಿದ್ದಿದ ಮೇಲೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನಿನ ರೋಗ ಓದಿದ ಯಾರಿಗಾದರೂ ಒಮ್ಮೆ ತೋರಿಸಿ. ಅಳತೆಗಳನ್ನು ಅವರು ನೋಡಿದ್ದಾರೆ ಅಂತ ಗೊತ್ತಾಗದೆ ನಾನು ಹಾಕುವುದಿಲ್ಲ. ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೋ ಇದ್ದರೆ ಮಸುಕಾಗಿದ್ದರೂ ಕಳಿಸಿ. ಹೊಸ ಲೇಖನ ಆ ನಾಲ್ಕನೇ ಪ್ಯಾರಾದಿಂದಲೇ ಶುರುವಾಗಲಿ. ಶೀರ್ಷಿಕೆಯಲ್ಲಿ 'ಸುಲಭ' ಎಂಬ ಪದ ಬೇಡ.