ದಿನಕ್ಕೆ ಎಷ್ಟು ಈಡಿಯಮ್ ಬಾಯಿಪಾಠ ಮಾಡಬೇಕು? ಚಿಟಿಕೆ ಉಪ್ಪಿಗೆ ಸೋತವಳ ಉತ್ತರ

ಕೊಡಗು, ಕನ್ನಡ ಮೀಡಿಯಂ, ಕೋಚಿಂಗ್ ಇಲ್ಲ, ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಗೆ ಮೂರು ತಿಂಗಳಿದೆ, 1500 ಇಂಗ್ಲಿಷ್ ಈಡಿಯಮ್‌ಗಳ, ಅಂದರೆ ನುಡಿಗಟ್ಟುಗಳ, ಪಿಡಿಎಫ್ ಸಿಕ್ಕಿದೆ, ದಿನಕ್ಕೆ ಎಷ್ಟು ಬಾಯಿಪಾಠ ಮಾಡಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು. ನನ್ನ ಪಿಡಿಎಫ್‌ನಲ್ಲಿ 1200 ಇದ್ದವು, ಅಷ್ಟೇ ವ್ಯತ್ಯಾಸ.

ನನ್ನದು ಸೋಮವಾರಪೇಟೆ ಕಡೆ. 2018ರ ಆಗಸ್ಟ್ ಮಳೆ ನಿಮಗೂ ನೆನಪಿರುತ್ತದೆ. ಗುಡ್ಡ ಕುಸಿದು ರಸ್ತೆ ಹೋಗಿತ್ತು, ನಮ್ಮ ಮನೆಯಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಫೋನ್ ಸತ್ತು ಬಿದ್ದಿತ್ತು. ಪುಣ್ಯಕ್ಕೆ ಪಿಡಿಎಫ್‌ನ ಜೆರಾಕ್ಸ್ ಮೊದಲೇ ಮಾಡಿಸಿಟ್ಟಿದ್ದೆ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ಈಡಿಯಮ್, ಬಲಕ್ಕೆ ಕನ್ನಡ. ಬೆಳಗ್ಗೆ ಒಲೆ ಮುಂದೆ ಕೂತು ಜೋರಾಗಿ ಓದುತ್ತಿದ್ದೆ. 'ಕಿಕ್ ದಿ ಬಕೆಟ್ ಅಂದ್ರೆ ಸಾಯೋದು, ಕಿಕ್ ದಿ ಬಕೆಟ್ ಅಂದ್ರೆ ಸಾಯೋದು.' ಅಮ್ಮ ಎರಡು ದಿನ ಸಹಿಸಿದರು. ಮೂರನೇ ದಿನ, 'ಊರೆಲ್ಲ ಗುಡ್ಡ ಜಾರ್ತಾ ಇದೆ, ನೀನು ಬೆಳಗ್ಗೆ ಎದ್ದು ಸಾಯೋದು ಸಾಯೋದು ಅಂತೀಯಲ್ಲೇ' ಅಂತ ನೋಟ್‌ಬುಕ್ ಕಿತ್ತುಕೊಂಡು ಅಟ್ಟದ ಮೇಲಿಟ್ಟರು.

ಆಮೇಲೆ ಅದು ವಾಪಸ್ ಸಿಕ್ಕಿತು. ಅಟ್ಟದಲ್ಲೇ ಇದ್ದಿದ್ದರೆ ಪಾಸಾಗುತ್ತಿದ್ದೆನೋ ಏನೋ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಕೆಲವು ಪುಟ ಬರೆಯುವಾಗ ನನಗೆ ಭಾರಿ ಖುಷಿ. ಕ್ರಾಕಡೈಲ್ ಟಿಯರ್ಸ್, ಮೊಸಳೆ ಕಣ್ಣೀರು. ಬೆಲ್ ದಿ ಕ್ಯಾಟ್, ಬೆಕ್ಕಿಗೆ ಗಂಟೆ ಕಟ್ಟೋದು. ಆ್ಯಡ್ ಫ್ಯೂಯಲ್ ಟು ದಿ ಫೈರ್, ಉರಿಯೋ ಬೆಂಕಿಗೆ ತುಪ್ಪ. ಕೋಟು, ಬಟ್ಟೆ ಅಂತ ಏನೋ ಇತ್ತು, ಅದಕ್ಕೂ ನಮ್ಮ ಹಾಸಿಗೆ ಇದ್ದಷ್ಟು ಕಾಲು ಚಾಚು ಸರಿಹೋಯಿತು. ಅರೆ, ಎಲ್ಲ ನಮ್ಮ ಗಾದೆಗಳೇ, ಬೇರೆ ಬಟ್ಟೆ ಹಾಕಿಕೊಂಡು ಬಂದಿವೆ ಅಷ್ಟೇ ಅಂದುಕೊಂಡೆ. ಅಲ್ಲಿಂದ ಮುಂದೆ ಅರ್ಥ ಓದುವುದನ್ನೇ ಬಿಟ್ಟೆ. ಜೆರಾಕ್ಸ್‌ನಲ್ಲಿ ಇಂಗ್ಲಿಷ್ ಅರ್ಥ ಕೊಟ್ಟಿದ್ದರು, ಅದನ್ನು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಈಡಿಯಮ್‌ನಲ್ಲಿ ಗುರುತಿನ ಪದ ಒಂದು ಕಂಡರೆ ಸಾಕು, ಆ ಪದ ಇರುವ ಕನ್ನಡ ಮಾತು ಹುಡುಕಿ ಪಕ್ಕಕ್ಕೆ ಬರೆದುಬಿಡುತ್ತಿದ್ದೆ.

ಹಾಗೇ 'ಟೇಕ್ ವಿತ್ ಎ ಪಿಂಚ್ ಆಫ್ ಸಾಲ್ಟ್' ಬಂತು. ಉಪ್ಪು ಕಂಡಿತು. ಉಪ್ಪು ಅಂದರೆ ನಮಗೆ ಇನ್ನೇನು ಹೊಳೆಯುತ್ತದೆ? ಉಂಡ ಮನೆಯ ಉಪ್ಪಿನ ಋಣ. 'ಉಪಕಾರ ನೆನೆಯುವುದು' ಅಂತ ಕೆಂಪು ಪೆನ್ನಲ್ಲಿ ಬರೆದೆ. ಅದರ ಕೆಳಗಿನ ಸಾಲಿನಲ್ಲೇ 'ವರ್ತ್ ಒನ್ಸ್ ಸಾಲ್ಟ್' ಇತ್ತು. ಅದಕ್ಕೂ 'ಉಪ್ಪಿನ ಋಣ, ಮೇಲಿನ ಹಾಗೇ' ಅಂತ ಬರೆದು ಮುಗಿಸಿದೆ. ಎರಡೂ ತಪ್ಪು. ಮೊದಲನೆಯದರ ಅರ್ಥ ಹೇಳಿದ್ದನ್ನು ಪೂರ್ತಿ ನಂಬದೆ ಸ್ವಲ್ಪ ಅನುಮಾನ ಇಟ್ಟುಕೊಂಡು ಕೇಳುವುದು. ಎರಡನೆಯದು ತನ್ನ ಕೆಲಸ ಚೆನ್ನಾಗಿ ಬಲ್ಲವನು, ಕೊಡುವ ಸಂಬಳಕ್ಕೆ ತಕ್ಕವನು ಅಂತ. ಋಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ತಪ್ಪು ಬರೆದದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಆ ತಪ್ಪನ್ನು ಹತ್ತು ತಿಂಗಳು ದಿನಾ ಓದಿದೆನಲ್ಲ, ಅದು ದೊಡ್ಡದು. ಬಾಯಿಪಾಠಕ್ಕೆ ಸರಿ ತಪ್ಪು ಗೊತ್ತಾಗುವುದಿಲ್ಲ. ಉಜ್ಜಿದಷ್ಟೂ ಹೊಳಪು ಬರುತ್ತದೆ, ಅಷ್ಟೇ.

2019ರ ಜುಲೈ, ಪಿಯುಸಿ ಆದವರಿಗೆ ಎಸ್‌ಎಸ್‌ಸಿ ನಡೆಸುವ ಸಿಎಚ್‌ಎಸ್‌ಎಲ್ ಪರೀಕ್ಷೆಯ ಮೊದಲ ಹಂತ, ಸೆಂಟರ್ ಮೈಸೂರು. ನಮ್ಮ ಜಿಲ್ಲೆಗೆ ರೈಲಿಲ್ಲ, ಕತ್ತಲಿರುವಾಗಲೇ ಎದ್ದು ಕುಶಾಲನಗರಕ್ಕೆ ಬಂದು ಅಲ್ಲಿಂದ ಬಸ್ಸು. ಪಿರಿಯಾಪಟ್ಟಣದಲ್ಲಿ ಬಿಸಿಲು ಕಂಡು ಕೊಡೆ ಮಡಚಿದೆ. 60 ನಿಮಿಷಕ್ಕೆ 100 ಪ್ರಶ್ನೆ, ಅದರಲ್ಲಿ ಇಂಗ್ಲಿಷ್ 25. ಒಂದಕ್ಕೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ನನ್ನ ಪೇಪರಿನಲ್ಲಿ ಈಡಿಯಮ್ ಬಂದದ್ದು ಎಷ್ಟು ಗೊತ್ತಾ? ಎರಡು. 1200 ಓದಿದ್ದೆ, ಬಂದದ್ದು ಎರಡು. ಅದರಲ್ಲಿ ಒಂದು ಇದೇ ಚಿಟಿಕೆ ಉಪ್ಪು. ಕಂಡ ತಕ್ಷಣ ಮೈ ಜುಂ ಅಂತು. ನಾಲ್ಕು ಆಯ್ಕೆಯಲ್ಲಿ ಕೃತಜ್ಞತೆಯದ್ದೂ ಒಂದಿತ್ತು, ಅನುಮಾನದ್ದೂ ಒಂದಿತ್ತು. ಉಳಿದ ಎರಡನ್ನು ಓದಲೇ ಇಲ್ಲ. ಯೋಚನೆಯೂ ಮಾಡದೆ ಕೃತಜ್ಞತೆ ಒತ್ತಿ ಮುಂದಕ್ಕೆ ಹೋದೆ. ಇಡೀ ಪೇಪರಿನಲ್ಲಿ ಅಷ್ಟು ಧೈರ್ಯವಾಗಿ ಒತ್ತಿದ ಉತ್ತರ ಇನ್ನೊಂದಿರಲಿಲ್ಲ.

ಕಟ್‌ಆಫ್‌ಗೆ ಒಂದೂವರೆ ಅಂಕ ಕಡಿಮೆ ಬಿತ್ತು. ಆನ್ಸರ್ ಕೀ ಜೊತೆ ನಾವು ಒತ್ತಿದ್ದನ್ನೂ ತೋರಿಸುತ್ತಾರಲ್ಲ, ಅದನ್ನು ಎಷ್ಟು ಸಲ ನೋಡಿದೆನೋ. ಆ ಒಂದು ಸರಿಯಾಗಿದ್ದರೆ 2 ಬರುತ್ತಿತ್ತು, ಅರ್ಧ ಉಳಿಯುತ್ತಿತ್ತು, ಒಟ್ಟು ಎರಡೂವರೆ. ಬೇರೆ ಬೇರೆ ಶಿಫ್ಟಿನ ಅಂಕ ಸರಿದೂಗಿಸುವ ನಾರ್ಮಲೈಸೇಶನ್ ಅದು ಇದು ಅಂತ ನೀವು ಹೇಳಬಹುದು. ನನಗೂ ಗೊತ್ತು. ಆದರೂ ಆ ವಾರ ಅನ್ನಕ್ಕೆ ಉಪ್ಪು ಹಾಕಿಕೊಳ್ಳುವಾಗಲೂ ಸಿಟ್ಟು ಬರುತ್ತಿತ್ತು.

ಅಪ್ಪ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ವಿಷಯ ಕೇಳಿ ಅವರು ಬೈಯಲಿಲ್ಲ. 'ವೈಟ್ ಎಲಿಫೆಂಟ್ ಅಂದ್ರೆ ಏನು ಹೇಳು' ಅಂದರು. ಥಟ್ಟನೆ ಹೇಳಿದೆ. 'ಇದು ನಿನ್ನ ಪುಸ್ತಕದಲ್ಲಿ ಕಲಿತದ್ದಾ?' ಅಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಾವ್ಕಾರ್ರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪರ್ ಮೆಷಿನ್ ತಂದಿದ್ದರು. ಪಲ್ಪಿಂಗ್‌ಗೆ ನೀರು ತುಂಬಾ ಬೇಕು. ಕೊಯ್ಲಿನ ಹೊತ್ತಿಗೆ ತೋಡಲ್ಲಿ ನೀರಿಲ್ಲ. ಹಣ್ಣನ್ನೆಲ್ಲ ಮತ್ತೆ ಕಣದಲ್ಲೇ ಒಣಗಿಸಿ ಚೆರಿ ಮಾಡಿದರು. ಮೆಷಿನ್‌ಗೆ ಮಾತ್ರ ವರ್ಷಾ ವರ್ಷಾ ಗ್ರೀಸು, ಬೆಲ್ಟು, ರಿಪೇರಿ. 'ರೈಟ್ರೇ, ದಿಸ್ ಈಸ್ ಎ ವೈಟ್ ಎಲಿಫೆಂಟ್' ಅಂತ ಸಾವ್ಕಾರ್ರು ಅದಕ್ಕೆ ಒದ್ದದ್ದು ನನ್ನ ಕಣ್ಣ ಮುಂದೆ ಇದೆ. ನನಗೋ ಗಾಬರಿ. ತೋಟಕ್ಕೆ ಕಪ್ಪು ಆನೆ ಬರೋದೇ ಸಾಕಾಗಿತ್ತು, ಈಗ ಬಿಳೀದೂ ಬಂತಾ ಅಂತ. ರಾತ್ರಿ ಅಪ್ಪ ಸಯಾಮ್, ಅಂದರೆ ಈಗಿನ ಥಾಯ್ಲೆಂಡ್, ರಾಜರ ಕಥೆ ಹೇಳಿದರು. ಆಗದವರಿಗೆ ರಾಜ ಬಿಳಿ ಆನೆ ಉಡುಗೊರೆ ಕೊಡುತ್ತಿದ್ದನಂತೆ. ಪವಿತ್ರ ಆನೆ, ಕೆಲಸ ಮಾಡಿಸುವ ಹಾಗಿಲ್ಲ, ಸಾಕದೆ ಬಿಡುವ ಹಾಗೂ ಇಲ್ಲ. ಮೇವು ಹಾಕಿ ಹಾಕಿ ಮನೆ ಮುಳುಗಬೇಕು. ಒಂದೇ ಸಲ ಕೇಳಿದ್ದು, ಇವತ್ತಿಗೂ ಮರೆತಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ದಿನಕ್ಕೆ ಎಷ್ಟು ಅನ್ನುವುದು ಕಾಫಿ ಕುಯ್ಯುವ ಲೆಕ್ಕ, ಕೆಜಿಗೆ ಇಷ್ಟು ಅಂತ. ಈಡಿಯಮ್‌ಗೆ ಅದು ನಡೆಯುವುದಿಲ್ಲ. ಒಂದೊಂದಕ್ಕೂ ನಿಮ್ಮ ಮನೆಯ, ನಿಮ್ಮ ಊರಿನ ಒಂದು ವಾಕ್ಯ ಬೇಕು, ಇಂಗ್ಲಿಷ್‌ನಲ್ಲೇ, ನೀವೇ ಬರೆದದ್ದು. ಎರಡನೇ ಸಲ ನಾನು ಹಾಗೇ ಮಾಡಿದೆ. ಚಿಟಿಕೆ ಉಪ್ಪಿಗೆ ನನ್ನ ವಾಕ್ಯದಲ್ಲಿ ಜಿಗಣೆ ಬಂತು. ಮಳೆಗಾಲದಲ್ಲಿ ತೋಟಕ್ಕೆ ಹೋದರೆ ಕಾಲಿಗೆ ಹತ್ತುತ್ತದಲ್ಲ, ಚಿಟಿಕೆ ಉಪ್ಪು ಹಾಕಿದರೆ ಬಿಟ್ಟು ಬೀಳುತ್ತದೆ. ಯಾರಾದರೂ ಬುರುಡೆ ಬಿಟ್ಟರೆ ಹಾಗೇ, ಅಂಟಿಕೊಳ್ಳುವ ಮೊದಲೇ ಉಪ್ಪು ಹಾಕಿ. ಈಡಿಯಮ್ ಹುಟ್ಟಿದ್ದು ಜಿಗಣೆಯಿಂದ ಅಲ್ಲ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ವಿಷಕ್ಕೆ ಮದ್ದು ಬರೆಯುವಾಗ ಒಂದು ಕಾಳು ಉಪ್ಪು ಸೇರಿಸಲು ಹೇಳಿದ್ದ, ಅಲ್ಲಿಂದ ಬಂದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ತಲೆಯಲ್ಲಿ ಮಾತ್ರ ಜಿಗಣೆಯೇ ಕೂತಿದೆ.

'ಇಲೆವೆಂತ್ ಅವರ್' ಬೈಬಲಿನದ್ದು. ದ್ರಾಕ್ಷಿ ತೋಟದ ಯಜಮಾನ ಸಂಜೆ ಐದರ ಹೊತ್ತಿಗೆ, ಅಂದರೆ ಹಗಲಿನ ಹನ್ನೊಂದನೇ ಗಂಟೆಗೆ, ಇನ್ನಷ್ಟು ಆಳು ಕರೆದು ಅವರಿಗೂ ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಬೆಳಗ್ಗಿನಿಂದ ದುಡಿದವರು ಗೊಣಗುತ್ತಾರೆ. ಗೊಣಗದೆ ಇನ್ನೇನು? ನಮ್ಮ ತೋಟದಲ್ಲಾದರೆ ಮಾರನೇ ದಿನ ಒಬ್ಬರೂ ಬರುತ್ತಿರಲಿಲ್ಲ. 'ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್' ಅಂದರೆ ಕಲ್ಲಿದ್ದಲಿನ ಊರಿಗೇ ಕಲ್ಲಿದ್ದಲು ಹೊರುವುದು. ಕೊಡಗಿಗೆ ಕರಿಮೆಣಸು ಹೊತ್ತ ಹಾಗೆ ಅಂತ ಬರೆದುಕೊಂಡೆ, ಮುಗೀತು.

ಕನ್ನಡದ ಜೋಡಿ ಹುಡುಕಲೇಬಾರದು ಅಂತಲ್ಲ. ಅರ್ಥ ನೋಡಿದ ಮೇಲೆ ಹುಡುಕಿ, ಮೊದಲೇ ಬೇಡ. 'ಈಟ್ ಯುವರ್ ವರ್ಡ್ಸ್' ನೋಡಿ. ನಮ್ಮಲ್ಲಿ ಮಾತು ನುಂಗುವುದು ಅಂದರೆ ಹೇಳಬೇಕಾದ್ದನ್ನು ಹೇಳದೆ ಬಿಡುವುದು. ಅವರಲ್ಲಿ ಆಡಿದ ಮಾತು ತಪ್ಪು ಅಂತ ಒಪ್ಪಿಕೊಂಡು ವಾಪಸ್ ತೆಗೆದುಕೊಳ್ಳುವುದು. 'ಬಿಗ್ ಮೌತ್' ಕೂಡ ಹಾಗೇ. ನಮ್ಮಲ್ಲಿ ಬಾಯಿ ದೊಡ್ಡದು ಅಂದರೆ ಜಗಳಗಂಟಿ, ಅವರಲ್ಲಿ ಗುಟ್ಟು ಉಳಿಸಿಕೊಳ್ಳಲಾರದವನು. ಇಂಥವು ಸಿಕ್ಕಿದರೆ ಬೇರೆ ಪುಟದಲ್ಲಿ ಬರೆದಿಡಿ. ಆಯ್ಕೆ ಕೊಡುವವರು ನಮ್ಮಂಥವರು ಬೀಳುವ ಜಾಗದಲ್ಲೇ ಗುಂಡಿ ತೋಡುತ್ತಾರೆ, ಅಲ್ವಾ.

ಇನ್ನೊಂದು ಮಾತು. 25ರಲ್ಲಿ ಒಂದೆರಡು ಪ್ರಶ್ನೆಗೆ ಮೂರು ತಿಂಗಳು ಸುಮ್ನೆ ಸುರಿಯಬೇಡಿ. ಅದಕ್ಕಿಂತ ಜಾಸ್ತಿ ಬರುವುದು ಖಾಲಿ ಜಾಗ ತುಂಬುವುದು, ತಪ್ಪು ಹುಡುಕುವುದು. ನಾನು ಅವನ್ನು ಮುಟ್ಟಿರಲೇ ಇಲ್ಲ. ಮುಂದಿನ ಸಲ ಪಾಸಾದದ್ದು ಅವುಗಳಿಂದಲೇ, ಈಡಿಯಮ್‌ನಿಂದ ಅಲ್ಲ. ಈಗ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಫೈಲು ಹೊರುತ್ತಿದ್ದೇನೆ. 'ರೆಡ್ ಟೇಪ್' ಅಂದರೆ ಕಚೇರಿ ಫೈಲುಗಳ ಅಲೆದಾಟ ಅಂತ ಇನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ.

ಇಷ್ಟು ಓದಿಯೂ ನಂಬರ್ ಬೇಕೇ ಬೇಕು ಅಂದರೆ, ಐದು. ವಾಕ್ಯ ಬರೆದ ಐದು. ಹಿಂದಿನ ವರ್ಷಗಳ ಪೇಪರಿನಲ್ಲಿ ಬಂದವುಗಳಿಂದ ಶುರು ಮಾಡಿ, 1500ರ ಪಿಡಿಎಫ್ ಅರ್ಥ ನೋಡುವುದಕ್ಕೆ ಮಾತ್ರ ಇರಲಿ. ಅದನ್ನೂ ಜೂನ್‌ಗೆ ಮೊದಲೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ.