ಮಾತ್ರೆಗಿಂತ ಮೊದಲು ರಕ್ತಪರೀಕ್ಷೆ

ಲೈಂಗಿಕ ತೊಂದರೆಗಳ ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬರ ಕಥೆಯಿದು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 46, ಅಡಿಕೆ ವ್ಯಾಪಾರ. ಒಂದೂವರೆ ವರ್ಷದಿಂದ ಶಿಶ್ನದ ನಿಮಿರುವಿಕೆ ಉಳಿಯುತ್ತಿಲ್ಲ ಎಂಬ ದೂರು. ಬಂದವರು ಮಾತಿಗಿಂತ ಮೊದಲು ಚೀಲ ಬಿಚ್ಚಿ ಲೇಹ್ಯದ ಡಬ್ಬಿ, ಹೆಸರಿಲ್ಲದ ಗುಳಿಗೆಗಳ ಪೊಟ್ಟಣ, ವೈದ್ಯರ ಚೀಟಿಯಿಲ್ಲದೆ ಕೊಂಡ ಸಿಲ್ಡೆನಾಫಿಲ್ (ನಿಮಿರುವಿಕೆಗೆ ಕೊಡುವ ಔಷಧ, ವಯಾಗ್ರ) ಮಾತ್ರೆಗಳನ್ನು ಮೇಜಿನ ಮೇಲಿಟ್ಟರು. ಹೆದ್ದಾರಿ ಬದಿಯ ಗುಡಾರದವನು, "ಹರೆಯದ ಹಸ್ತಮೈಥುನದಿಂದ ನರ ಸತ್ತಿದೆ" ಎಂದಿದ್ದನಂತೆ.

ಇದು ಶುದ್ಧ ಸುಳ್ಳು. ಹಸ್ತಮೈಥುನದಿಂದ ಯಾವ ನರವೂ ಸಾಯುವುದಿಲ್ಲ. ಗಂಡಸರ ನಾಚಿಕೆಯನ್ನು ಬಂಡವಾಳ ಮಾಡಿಕೊಂಡವರ ಮೇಲೆ ನನಗೆ ತೀರದ ಸಿಟ್ಟಿದೆ. ಗಿಡಮೂಲಿಕೆಯದೆಂದು ಮಾರುವ ಇಂಥ ಗುಳಿಗೆಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಕದ್ದು ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಅರಿಯದೆ ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು.

"ಬೆಳಗಿನ ಜಾವ ತಾನಾಗಿ ನಿಮಿರುವುದುಂಟೇ?" ಎಂದು ಕೇಳಿದೆ. ಅದೂ ನಿಂತುಹೋಗಿತ್ತು. ಆತಂಕವೇ ಮೂಲವಾಗಿದ್ದರೆ ತೊಂದರೆ ಸಾಮಾನ್ಯವಾಗಿ ಥಟ್ಟನೆ ಶುರುವಾಗುತ್ತದೆ, ಬೆಳಗಿನ ನಿಮಿರುವಿಕೆ ಉಳಿದಿರುತ್ತದೆ. ಇವರದು ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಬಂದದ್ದು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಸಿಗರೇಟು ದಿನಕ್ಕೊಂದು ಪ್ಯಾಕ್.

ಶಿಶ್ನದ ರಕ್ತನಾಳದ ಅಗಲ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಸಕ್ಕರೆ, ಹೊಗೆ, ಕೊಬ್ಬಿನಿಂದ ನಾಳಗಳು ಕೆಡುವಾಗ ಕಿರಿದಾದದ್ದು ಮೊದಲು ಸೋಲುತ್ತದೆ. ಎದೆನೋವು ಕಾಣಿಸುವುದಕ್ಕೆ ಕೆಲವು ವರ್ಷ ಮುಂಚೆಯೇ ನಿಮಿರುವಿಕೆ ಕೈಕೊಡುವುದು ಇದರಿಂದಲೇ. ಲೇಹ್ಯ, ಮಾತ್ರೆ ಎರಡನ್ನೂ ನಿಲ್ಲಿಸಿ ಮೊದಲು ವೈದ್ಯರನ್ನು ಕಾಣಿರಿ ಎಂದು ಕಳುಹಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ. 9.2 ಬಂತು, 6.5 ಮುಟ್ಟಿದರೇ ಮಧುಮೇಹ. ತಮಗೆ ಸಕ್ಕರೆ ಕಾಯಿಲೆಯಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬೆಳಗಿನ ಟೆಸ್ಟೋಸ್ಟಿರೋನ್ (ಗಂಡು ಹಾರ್ಮೋನು) ಸರಿಯಾಗಿತ್ತು, ಹೃದಯದ ತಪಾಸಣೆಯಲ್ಲೂ ತೊಂದರೆ ಕಾಣಲಿಲ್ಲ.

ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆಸಿದೆ. "ಇವರಿಗೆ ನನ್ನ ಮೇಲೆ ಮನಸ್ಸಿಲ್ಲ ಎಂದುಕೊಂಡು ವರ್ಷದಿಂದ ಮಗಳ ಕೋಣೆಯಲ್ಲಿ ಮಲಗುತ್ತಿದ್ದೇನೆ" ಎಂದರು ಆಕೆ. ಗಂಡ ತಲೆಯೆತ್ತದೆ, "ಮನಸ್ಸಿದೆ, ಮೈ ಕೇಳುತ್ತಿಲ್ಲ" ಎಂದರು. ಇಬ್ಬರೂ ಈ ಮಾತನ್ನು ಆಡಿದ್ದು ಅದೇ ಮೊದಲು. ಕಾಯಿಲೆ ಮೈಯದಾದರೂ, ಒಮ್ಮೆ ಸೋತ ಮೇಲೆ ಮುಂದಿನ ಸಲದ ಭಯ ಅದಕ್ಕೆ ಸೇರಿಕೊಳ್ಳುತ್ತದೆ. ಕೆಲವು ವಾರ ಸಂಭೋಗದ ಪ್ರಯತ್ನವೇ ಬೇಡ, ಒಂದೇ ಕೋಣೆಯಲ್ಲಿ ಮಲಗಿ, ಸ್ಪರ್ಶ ಮಾತ್ರ ಸಾಕು ಎಂದು ಹೇಳಿದೆ.

ಮಧುಮೇಹಕ್ಕೆ ಔಷಧ, ಸಂಜೆಯ ನಡಿಗೆ ಶುರುವಾದವು. ಸಿಗರೇಟು ಬಿಡಲು ಬಹಳ ಒದ್ದಾಡಿದರು. ನೈಟ್ರೇಟ್ ಸೇವನೆ ಇಲ್ಲವೆಂದು ಖಚಿತಪಡಿಸಿಕೊಂಡು ವೈದ್ಯರೇ ಸಿಲ್ಡೆನಾಫಿಲ್ ಬರೆದುಕೊಟ್ಟರು. ಗಂಟೆ ಮುಂಚೆ ತೆಗೆದುಕೊಳ್ಳಬೇಕು, ಎಣ್ಣೆ ಜಿಡ್ಡಿನ ಊಟದ ಮೇಲೆ ನುಂಗಿದರೆ ಕೆಲಸ ತಡ, ಆಸೆ ಮೂಡದೆ ಅದು ಏನನ್ನೂ ಮಾಡದು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಶೇ. 7.1ಕ್ಕೆ ಇಳಿಯಿತು. ಸಂಭೋಗ ಹೆಚ್ಚಿನ ಸಲ ಸಾಧ್ಯವಾಗುತ್ತಿದೆ, ಪ್ರತಿ ಸಲವೂ ಅಲ್ಲ. ಮಾತ್ರೆಗೆ ಬಗ್ಗದಿದ್ದರೆ ನಿರ್ವಾತ ಪಂಪು, ಶಿಶ್ನಕ್ಕೆ ಕೊಡುವ ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆಯ ಇಂಪ್ಲಾಂಟ್ ಇವೆ ಎಂದು ಇಬ್ಬರಿಗೂ ವಿವರಿಸಿದ್ದೇನೆ. ಸದ್ಯಕ್ಕೆ ಅವು ಬೇಡ ಎಂದಿದ್ದಾರೆ.