ಎಸ್ಟೇಟ್ ಸೇಲ್‌ನಲ್ಲಿ ಚಿನ್ನ ಸಿಗುತ್ತಾ? ಸಿಗುತ್ತೆ, ಆದ್ರೆ ಗಾಜಿನ ಪೆಟ್ಟಿಗೆ ಒಳಗಲ್ಲ

ಪ್ರಶ್ನೆ: ನಾವು ನ್ಯೂಜೆರ್ಸಿಗೆ ಬಂದು ಮೂರು ವರ್ಷ ಆಯ್ತು. ವೀಕೆಂಡ್ ಬಂದ್ರೆ ಸಾಕು, ಅಕ್ಕಪಕ್ಕದ ಬೀದೀಲಿ ಯಾವ್ದಾದ್ರೂ ಒಂದು ಮನೆ ಮುಂದೆ ಎಸ್ಟೇಟ್ ಸೇಲ್, ಅಂದ್ರೆ ಮನೆ ಸಾಮಾನೆಲ್ಲ ಮಾರಾಟಕ್ಕಿದೆ ಅನ್ನೋ ಬೋರ್ಡ್ ನೆಟ್ಟಿರ್ತಾರೆ. ಹೋದ ವಾರ ಸುಮ್ನೆ ಒಳಗೆ ಹೋಗಿ 40 ಡಾಲರ್ ಕೊಟ್ಟು ಒಂದು ಚೈನ್ ತಗೊಂಡೆ. ಕೊಂಡಿ ಮೇಲೆ "1/20 12ಕೆ ಜಿಎಫ್" ಅಂತಿದೆ. ಚಿನ್ನಾನಾ ಅಂದ್ರೆ ಕೌಂಟರ್ ಹುಡುಗ ಹೌದು ಅಂದ, ಮನೇಲಿ ನಮ್ಮ ಯಜಮಾನ್ರು ನೋಡಿ ನಗ್ತಿದಾರೆ. ಮೋಸ ಹೋದ್ನಾ? ನಿಜವಾದ ಚಿನ್ನ ಅಲ್ಲಿ ಸಿಗೋದೇ ಇಲ್ವಾ?

ಉತ್ತರ: ಯಜಮಾನ್ರು ನಕ್ಕಿದ್ದು ಸರಿ ಮೇಡಂ, ಆ ಹುಡುಗ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಜಿಎಫ್ ಅಂದ್ರೆ ಗೋಲ್ಡ್ ಫಿಲ್ಡ್. ಹೆಸರು ಕೇಳಿದ್ರೆ ಒಳಗೆ ಚಿನ್ನ ತುಂಬಿದಾರೆ ಅನ್ಸುತ್ತೆ, ಇರೋದು ಉಲ್ಟಾ, ಒಳಗೆ ಸಾಮಾನ್ಯವಾಗಿ ಹಿತ್ತಾಳೆ, ಮೇಲೆ ಬಿಸೀಲಿ ಒತ್ತಿ ಕೂರಿಸಿದ ಚಿನ್ನದ ಹಾಳೆ. 1/20 ಅಂದ್ರೆ ಒಟ್ಟು ತೂಕದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಚಿನ್ನ, ಅದೂ 12 ಕ್ಯಾರೆಟ್ದು, ಅಂದ್ರೆ 24ರಲ್ಲಿ 12, ಅರ್ಧ ಮಾತ್ರ ಅಪ್ಪಟ. ಚೈನ್ 20 ಗ್ರಾಂ ಇದ್ರೆ ಅಪ್ಪಟ ಚಿನ್ನ ಲೆಕ್ಕಕ್ಕೆ ಬರೋದು ಅರ್ಧ ಗ್ರಾಂ ಅಷ್ಟೇ. ನಮ್ಮೂರಲ್ಲಿ ರೋಲ್ಡ್ ಗೋಲ್ಡ್ ಅಂತಾರಲ್ಲ ಅದಕ್ಕೆ ಅಣ್ಣ ಅಂದ್ಕೊಳ್ಳಿ. ಆದ್ರೆ ಬರೀ ಚಿನ್ನದ ಲೇಪನ ಹಾಕಿದ್ದಕ್ಕಿಂತ ಎಷ್ಟೋ ವಾಸಿ, ವರ್ಷಗಟ್ಲೆ ಬಣ್ಣ ಬಿಡಲ್ಲ, ಹಾಕ್ಕೊಳ್ಳಿ.

ಈ ವಿಷಯದಲ್ಲಿ ನಾನೂ ಬಿದ್ದವನೇ. ಅಕ್ಕಸಾಲಿಗರ ಮನೇಲಿ ಹುಟ್ಟಿ, ಇಲ್ಲಿ ಹಳೇ ಒಡವೆ ಕೊಳ್ಳೋ ಅಂಗಡೀಲಿ ವರ್ಷಗಟ್ಲೆ ಕೂತಿದ್ರೂ ಶುರುವಲ್ಲಿ ಒಂದು ಸೇಲ್‌ನಲ್ಲಿ ಜೇಬು ಗಡಿಯಾರ ತಗೊಂಡೆ, ಮುಚ್ಚಳದ ಒಳಗೆ 14ಕೆ ಅಂತ ಇತ್ತು, ಅಷ್ಟು ಓದಿ ದುಡ್ಡು ಕೊಟ್ಬಿಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದ್ರೆ ಅದರ ಕೆಳಗೇ "ಗ್ಯಾರಂಟೀಡ್ 20 ಇಯರ್ಸ್" ಅಂತಿದೆ! ಅಪ್ಪಟ ಚಿನ್ನಕ್ಕೆ ಯಾರು ಇಪ್ಪತ್ತು ವರ್ಷ ಗ್ಯಾರಂಟಿ ಕೊಡ್ತಾರೆ ಹೇಳಿ, ಮೇಲಿನ ಹಾಳೆ ಅಷ್ಟು ವರ್ಷ ಸವೆಯಲ್ಲ ಅನ್ನೋ ಮಾತು ಅದು, ಅಂದ್ರೆ ಗೋಲ್ಡ್ ಫಿಲ್ಡ್. ಆರ್‌ಜಿಪಿ (ರೋಲ್ಡ್ ಗೋಲ್ಡ್ ಪ್ಲೇಟ್) ಅಂತ ಇದ್ರೆ ಹಾಳೆ ಇನ್ನೂ ತೆಳು, ಜಿಇಪಿ, ಎಚ್‌ಜಿಇ ಅಂತ ಇದ್ರಂತೂ ಬರೀ ಕರೆಂಟ್ ಹರಿಸಿ ಕೂರಿಸಿದ ಲೇಪನ, ತಿರುಗಿ ಕೂಡ ನೋಡ್ಬೇಡಿ.

ಇನ್ನು ನಿಜವಾದ ಚಿನ್ನ. ಈ ಸೇಲ್ ನಡೆಸೋದು ಸಾಮಾನ್ಯವಾಗಿ ಮನೆಯವರಲ್ಲ, ಹಿರಿಯರು ತೀರ್ಕೊಂಡಾಗಲೋ ಮನೆ ಖಾಲಿ ಮಾಡುವಾಗಲೋ ಮಕ್ಕಳು ಒಂದು ಕಂಪನಿಗೆ ವಹಿಸ್ತಾರೆ, ಅವ್ರು ಬಂದು ಚಮಚದಿಂದ ಸೋಫಾವರೆಗೂ ಚೀಟಿ ಅಂಟಿಸಿ ಎರಡು ಮೂರು ದಿನ ಮಾರ್ತಾರೆ. ಚಿನ್ನ ಅಂತ ಗೊತ್ತಾಗಿದ್ದೆಲ್ಲ ಕೌಂಟರ್ ಹತ್ರ ಗಾಜಿನ ಪೆಟ್ಟಿಗೇಲಿ, ಅವತ್ತಿನ ರೇಟ್ ನೋಡ್ಕೊಂಡೇ ಇಟ್ಟಿರ್ತಾರೆ. ಅಲ್ಲಿ ಲಾಭ ಹುಡುಕ್ಬೇಡಿ. ನೀವು ಹೋಗ್ಬೇಕಾಗಿರೋದು ಬೆಡ್‌ರೂಮ್ ಡ್ರಾಯರ್, ಹೊಲಿಗೆ ಡಬ್ಬಿ, ಗುಂಡಿ ತುಂಬಿದ ಬಾಟ್ಲಿ, ಐದು ಡಾಲರ್ ಚೀಟಿ ಅಂಟಿಸಿದ ಗಂಟು ಗಂಟು ಸರಗಳ ಪ್ಲಾಸ್ಟಿಕ್ ಕವರ್ ಹತ್ರ. ಅರ್ಧ ರೇಟು ಅಂತ ಕೊನೇ ದಿನ ಕಾಯೋರು ಜಾಸ್ತಿ, ನನ್ ಕೇಳಿದ್ರೆ ಒಡವೆಗೆ ಮೊದಲ ದಿನದ ಬೆಳಗ್ಗೇನೇ, ಬಾಗ್ಲು ತೆಗೆಯೋ ಮುಂಚೆ ನಂಬರ್ ಚೀಟಿ ತಗೊಂಡು ನಿಂತಿರ್ಬೇಕು.

ಅಂಥದೊಂದು ಕವರಲ್ಲಿ ನನಗೆ ಮುತ್ತಿನ ಸರ ಸಿಕ್ಕಿತ್ತು. ದಾರ ಬೂದಿ ಬಣ್ಣಕ್ಕೆ ತಿರುಗಿತ್ತು, ನೋಡಿದ್ರೆ ಜಾತ್ರೆ ಸರ. ಆದ್ರೆ ಕೊಂಡಿ ಮೀನಿನ ಆಕಾರದ್ದು, ಉಗುರಲ್ಲಿ ಒತ್ತಿ ಒಳಗಿನ ನಾಲಿಗೆ ಹೊರಗೆಳೆದು ಟಾರ್ಚ್ ಬಿಟ್ರೆ ಎಳ್ಳುಕಾಳಷ್ಟು ಸಣ್ಣಕ್ಕೆ 585. ಪ್ಲಾಸ್ಟಿಕ್ ಮಣಿಗೆ ಯಾರೂ ಚಿನ್ನದ ಕೊಂಡಿ ಹಾಕಲ್ಲ, ಮುತ್ತೂ ಅಸಲೀನೇ ಆಗಿತ್ತು. ಅದಕ್ಕೇ ಹೇಳೋದು, ಸರ ನೋಡ್ಬೇಡಿ ಕೊಂಡಿ ನೋಡಿ, ಉಂಗುರ ಆದ್ರೆ ಒಳಸುತ್ತು, ಓಲೆ ಆದ್ರೆ ಕಡ್ಡಿ. 417 ಅಂದ್ರೆ 10 ಕ್ಯಾರೆಟ್, 585 ಅಂದ್ರೆ 14, 750 ಅಂದ್ರೆ 18. ನಮ್ಮ 916 ಈ ಮನೆಗಳಲ್ಲಿ ಅಪರೂಪ, ಅಮೆರಿಕದವ್ರ ದಿನಬಳಕೆ ಒಡವೆ ಹೆಚ್ಚಿನದು 14.

ಪ್ರಶ್ನೆ: ಒಂದು ಉಂಗುರದಲ್ಲಿ "14ಕೆಪಿ" ಅಂತಿತ್ತು. ಪಿ ಅಂದ್ರೆ ಪ್ಲೇಟೆಡ್ ಅಂತ ಬಿಟ್ಟು ಬಂದೆ. ಸರಿ ತಾನೇ?

ಉತ್ತರ: ಅಯ್ಯೋ, ಬಿಟ್ಟು ಬಂದ್ರಾ! ಅದು ಪ್ಲಂಬ್. ಹಿಂದೆ ಇಲ್ಲಿನ ಕಾನೂನು 14 ಅಂತ ಮುದ್ರೆ ಹೊಡೆದು ಅರ್ಧ ಕ್ಯಾರೆಟ್ ಕಮ್ಮಿ ಕೊಟ್ರೂ ಒಪ್ತಿತ್ತು, ಬೆಸುಗೆ ಇದ್ರೆ ಇನ್ನೂ ಸ್ವಲ್ಪ ಸಡಿಲ, 1981ರ ಅಕ್ಟೋಬರ್‌ನಿಂದ ಅದನ್ನ ಬಿಗಿ ಮಾಡಿದ್ರು. ನಾವು ಕಮ್ಮಿ ಕೊಡಲ್ಲ, ಪಕ್ಕಾ 14 ಅಂತ ಒಡವೆ ಮಾಡಿದೋರು ಹೇಳ್ಕೊಳ್ಳೋದಕ್ಕೆ ಆ ಪಿ. ಹಾಗೆ ಹಳೇ ಕಾಲದ ಬರೀ "14ಕೆ" ಉಂಗುರ ಕೊಳ್ಳುವಾಗ ನಾನು ಮನಸ್ಸಲ್ಲಿ 13 ಅಂತಾನೇ ಲೆಕ್ಕ ಹಾಕೋದು.

ಪ್ರಶ್ನೆ: ಅಲ್ಲೇ ನಿಂತು ಬೆಲೆ ಸರಿ ಇದ್ಯಾ ಅಂತ ಹೇಗೆ ಲೆಕ್ಕ ಹಾಕೋದು? ಮ್ಯಾಗ್ನೆಟ್ ಇಟ್ರೆ ಗೊತ್ತಾಗುತ್ತಂತೆ?

ಉತ್ತರ: ಮ್ಯಾಗ್ನೆಟ್ಟಿಗೆ ಅಂಟಿದ್ರೆ ಕಬ್ಬಿಣ ಅಂತ ಗೊತ್ತಾಗುತ್ತೆ, ಅಂಟದಿದ್ರೆ ಏನೂ ಗೊತ್ತಾಗಲ್ಲ, ಹಿತ್ತಾಳೆ ತಾಮ್ರಾನೂ ಅಂಟಲ್ವಲ್ಲ. ಇನ್ನೊಂದು, ಅಸಲಿ ಚೈನಿನ ಕೊಂಡೀಲೂ ಸಣ್ಣ ಸ್ಟೀಲ್ ಸ್ಪ್ರಿಂಗ್ ಇರುತ್ತೆ, ಅದು ಎಳೀತು ಅಂತ ಒಳ್ಳೇ ಚೈನ್ ಬಿಡ್ಬೇಡಿ.

ಜೇಬಲ್ಲಿ 10ಎಕ್ಸ್ ಲೂಪ್ (ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಪುಟ್ಟ ಭೂತಗನ್ನಡಿ), ಪುಟ್ಟ ಡಿಜಿಟಲ್ ತಕ್ಕಡಿ ಇದ್ರೆ ಸಾಕು, ತೂಕ ಮಾಡ್ಲಾ ಅಂತ ಕೇಳಿ ಮಾಡಿ. 14 ಕ್ಯಾರೆಟ್ 6 ಗ್ರಾಂ ಉಂಗುರ ಅಂದ್ರೆ 6 ಇಂಟು 0.583 (24ರಲ್ಲಿ 14 ಪಾಲು), ಮೂರೂವರೆ ಗ್ರಾಂ ಅಪ್ಪಟ. ಕಲ್ಲಿದ್ರೆ ಅದರ ತೂಕ ಕಳೀರಿ. ಅವತ್ತಿನ ಅಪ್ಪಟದ ಗ್ರಾಂ ರೇಟಿಗೆ ಗುಣಿಸಿ, ಅದಕ್ಕಿಂತ ಸಾಕಷ್ಟು ಕೆಳಗಿದ್ರೆ ತಗೊಳ್ಳಿ, ಯಾಕಂದ್ರೆ ನೀವು ಮಾರೋಕೆ ಹೋದಾಗ ಯಾರೂ ಪೂರ್ತಿ ಕೊಡಲ್ಲ. ಚೀಟೀಲಿ "ಡಿಡಬ್ಲ್ಯೂಟಿ" ಅಂತಿದ್ರೆ ಹುಷಾರು, ಅದು ಪೆನ್ನಿವೇಟ್, ಒಂದಕ್ಕೆ 1.555 ಗ್ರಾಂ. ಅದನ್ನೇ ಗ್ರಾಂ ಅಂದ್ಕೊಂಡು ಮಾರೋರಿಗೆ ನಷ್ಟ.

ಮನೆಗೆ ತಂದ ಮೇಲೆ ಅನುಮಾನ ಇದ್ರೆ, ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಒಡವೇನ ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿ. ಒಣ ತೂಕಾನ ಆಗ ತೋರ್ಸೋ ಅಂಕಿಯಿಂದ ಭಾಗಿಸಿ. 20 ಗ್ರಾಂ ಚೈನಿಗೆ ಒಂದೂವರೆ ತೋರಿಸಿದ್ರೆ 13ರ ಆಸುಪಾಸು ಬರುತ್ತೆ, 14 ಕ್ಯಾರೆಟ್ ಇರ್ಬಹುದು. ಎಂಟೂವರೆ ಬಂದ್ರೆ ಹಿತ್ತಾಳೆ. ಕಲ್ಲಿನ ಒಡವೆಗೆ, ಒಳಗೆ ಪೊಳ್ಳಿರೋದಕ್ಕೆ ಈ ಲೆಕ್ಕ ಹಿಡಿಯಲ್ಲ.

ಪ್ರಶ್ನೆ: ಬೆಂಗಳೂರಿಗೆ ತಗೊಂಡೋಗಿ ಅಮ್ಮಂಗೆ ಬಳೆ ಮಾಡಿಸ್ಬಹುದಾ? ಸತ್ತವರ ಮನೆ ಒಡವೆ ಬೇಡ ಅಂತ ಅತ್ತೆ ಬೇರೆ ಬೈತಿದಾರೆ.

ಉತ್ತರ: ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರೋ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆವರೆಗೆ ಸುಂಕ ಇಲ್ಲ, ಆದ್ರೂ ಹೊರಡೋ ಮುಂಚೆ ಅವತ್ತಿನ ಕಸ್ಟಮ್ಸ್ ನಿಯಮ ಒಂದ್ಸಲ ನೋಡ್ಕೊಳ್ಳಿ. ಅಲ್ಲಿ 22ಕ್ಕೆ ಬದಲಾಯಿಸೋದು ಮಾತ್ರ ನನಗೆ ಇಷ್ಟ ಇಲ್ಲ. 14 ಕ್ಯಾರೆಟ್ ಕರಗಿಸಿದ್ರೆ ಅಪ್ಪಟಕ್ಕಷ್ಟೇ ಬೆಲೆ, ಆಮೇಲೆ ಮಜೂರಿ, ವೇಸ್ಟೇಜ್ ಅಂತ ಹೊಸದಾಗಿ ತೆರ್ಬೇಕು. ಹಾಗೇ ಹಾಕ್ಕೊಳ್ಳೋ ಹಾಗಿದ್ರೆ ಮಾತ್ರ ಕೊಳ್ಳಿ.

ಅತ್ತೆಯವರನ್ನ ಒಂದು ಮಾತು ಕೇಳಿ, ಅವರ ಕಿವಿಯಲ್ಲಿರೋ ಓಲೆ ಯಾರ ಅಜ್ಜೀದು ಅಂತ. ನಯವಾಗಿ ಕೇಳಿ! ಅವ್ರು ಒಪ್ಪೋ ಮುಂಚೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಸೋಪು ಹಾಕಿ ಮೆತ್ತಗಿನ ಬ್ರಶ್ಶಲ್ಲಿ ಉಜ್ಜಿ ಕೊಟ್ಬಿಡಿ. ಮುತ್ತಿನ ಸರ ಆದ್ರೆ ಮಾತ್ರ ನೆನೆ ಹಾಕ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ ಅಷ್ಟೇ, ಹಳೇ ದಾರ ಕಿತ್ಕೊಂಡ್ರೆ ಮಂಚದ ಕೆಳಗೆಲ್ಲ ಹುಡುಕ್ಬೇಕಾಗುತ್ತೆ.